ಗೇಟು ಹಾಡಿನ ಉಸಿರು

ನಗ್ಗು ಮೇಸ್ತ್ರಿಯ ಮುತ್ತಜ್ಜ ಗಾಜು ಊದುವವನು. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕೆಂಡದಂಥ ಗಾಜಿನ ಮುದ್ದೆ ಅಂಟಿಸಿಕೊಂಡು, ಒಂದೇ ಉಸಿರಿಗೆ ಕೊಡದಷ್ಟು ದೊಡ್ಡ ಬುರುಡೆ ಎಬ್ಬಿಸುತ್ತಿದ್ದನಂತೆ. ಊದಿ ಊದಿ ಅವನ ಕೆನ್ನೆಗಳು ಜೋತುಬಿದ್ದಿದ್ದವು. ಮೊದಲ ಸಲ ಹೆಂಡತಿಯ ತವರಿಗೆ ಹೋದಾಗ ಅತ್ತೆ ಬಾಗಿಲಲ್ಲೇ ತಡೆದು, "ಬಾಯಲ್ಲಿರೋದನ್ನ ನುಂಗಿ ಒಳಗೆ ಬಾರಪ್ಪ" ಅಂದಳಂತೆ. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಆ ಮಹರಾಯ ಅತ್ತೆಯ ಮಾತು ಮೀರಬಾರದೆಂದು ಗಂಟಲು ಆಡಿಸಿ, ನುಂಗಿದವನ ಹಾಗೆ ಮಾಡಿ ಒಳಗೆ ಹೋದನಂತೆ.

ಅವನ ಮಗ, ಮೇಸ್ತ್ರಿಯ ಅಜ್ಜ, ಅದೇ ಗಾಜಿನ ಕಾರ್ಖಾನೆಯ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದ. ಆಗ ಪಾಳಿ ಬದಲಾಗುವುದಕ್ಕೆ ಸೈರನ್ ಇರಲಿಲ್ಲ. ಬ್ಯಾಂಡಿನವರು ಗೇಟಿನ ಪಕ್ಕದ ಕಟ್ಟೆಯ ಮೇಲೆ ನಿಂತು ಒಂದು ಹಾಡು ಊದುತ್ತಿದ್ದರು. ಗೇಟು ಹಾಡು ಅಂತಲೇ ಅದರ ಹೆಸರು. ಕೆಲಸ ಮುಗಿಸಿದವರು ಹೊರಗೆ ಬರಬೇಕು, ಬಂದವರು ಒಳಗೆ ಹೋಗಬೇಕು, ಕಟ್ಟಕಡೆಯವನು ಗೇಟು ದಾಟುವ ತನಕ ಹಾಡು ನಿಲ್ಲಬಾರದು. ನಡುವೆ ನಿಂತರೆ ಅದಕ್ಕೆ ಬೇರೆ ಅರ್ಥವಿತ್ತು. ಒಳಗೆ ಯಾರಿಗೋ ಪೆಟ್ಟಾಗಿದೆ, ಕುಲುಮೆಯ ಹತ್ತಿರ ಏನೋ ನಡೆಯಬಾರದ್ದು ನಡೆದಿದೆ. ಹಾಡು ಕಡಿದ ಗಳಿಗೆಯಲ್ಲೇ ಸುತ್ತಲಿನ ಮನೆಗಳ ಹೆಂಗಸರು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಗೇಟಿಗೆ ಓಡುತ್ತಿದ್ದರು.

ಹಾಡು ಕಡಿಯಬಾರದೆಂದರೆ ಊದುವವರು ಉಸಿರು ತೆಗೆದುಕೊಳ್ಳುವುದು ಹೇಗೆ? ಅದಕ್ಕೆ ಬ್ಯಾಂಡಿನಲ್ಲಿ ಜೋಡಿ ಕಟ್ಟುತ್ತಿದ್ದರು. ಒಬ್ಬ ಊದುವಾಗ ಅವನ ಜೋಡಿ ಉಸಿರು ಕದಿಯಬೇಕು. ಇವನು ಕದಿಯುವಾಗ ಅವನು ಊದಬೇಕು. ಅಜ್ಜನಿಗೂ ಅವನ ಜೋಡಿಗೂ ಒಂದು ಛತ್ರಿಯ ವಿಷಯಕ್ಕೆ ಜಗಳವಾಗಿ ಮಾತು ನಿಂತುಹೋಯಿತು. ಸಾಯುವ ತನಕ ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ. ಆದರೆ ಕಟ್ಟೆ ಹತ್ತಿ ನಿಂತರೆ ಅಕ್ಕಪಕ್ಕವೇ ನಿಲ್ಲಬೇಕು, ಒಬ್ಬನ ಉಸಿರಿಗೆ ಇನ್ನೊಬ್ಬ ಕಾವಲಿರಬೇಕು. ಒಂದು ದಿನವೂ ಅವರು ಒಬ್ಬರಿಗೊಬ್ಬರು ಉಸಿರು ತಪ್ಪಿಸಲಿಲ್ಲ.

ಮೇಸ್ತ್ರಿಯ ಅಪ್ಪನ ಕಾಲಕ್ಕೆ ಸೈರನ್ ಬಂತು, ಬ್ಯಾಂಡು ಹೋಯಿತು. ಸೈರನ್ ಮೊದಲು ಕೂಗಿದ ದಿನ ಅದೇ ಬ್ಯಾಂಡಿನಲ್ಲಿದ್ದ ಅಪ್ಪ ಒಬ್ಬನೇ ತುತ್ತೂರಿ ಹಿಡಿದು ಕಟ್ಟೆ ಹತ್ತಿ ಅದಕ್ಕೆ ಎದುರಾಗಿ ನಿಂತು ಊದಿದ. ಸೈರನ್ ಕೂಗಿ ಸುಸ್ತಾಗಿ ನಿಂತ ಮೇಲೂ ಅವನು ಊದುತ್ತಲೇ ಇದ್ದ. ಕೊನೆಗೆ ಮೇನೇಜರೇ ಬಂದು ಭುಜ ತಟ್ಟಿ, "ಗೆದ್ದೆ ಬಿಡಪ್ಪ, ಇನ್ನು ಮನೆಗೆ ಹೋಗು" ಅಂದರು. ಅಪ್ಪ ಮನೆಗೆ ಬಂದು ತುತ್ತೂರಿಯನ್ನು ಗೋಡೆಗೆ ನೇತುಹಾಕಿದ. ಮತ್ತೆ ಮುಟ್ಟಲಿಲ್ಲ.

ಇಂಥ ಉಸಿರಿನ ಮನೆತನದಲ್ಲಿ ಹುಟ್ಟಿದರೂ ಮೇಸ್ತ್ರಿಗೆ ಮಾತ್ರ ಉಸಿರು ದಕ್ಕಲಿಲ್ಲ. ಮಗುವಾಗಿದ್ದಾಗಲೇ ಎದೆ ಗೊರಗೊರ ಅನ್ನುತ್ತಿತ್ತು. ಮೆಟ್ಟಿಲು ಹತ್ತಿದರೆ ತಿದಿಯ ಹಾಗೆ ಏದುಸಿರು. ಊದುವುದು ಆಗಲಿಲ್ಲ, ಊದುವ ವಾದ್ಯಗಳನ್ನು ಬಿಟ್ಟಿರುವುದಕ್ಕೂ ಆಗಲಿಲ್ಲ. ಆದ್ದರಿಂದ ರಿಪೇರಿಗೆ ಕೂತ. ಶಾಲೆಯ ಬ್ಯಾಂಡು, ಪೊಲೀಸರ ಬ್ಯಾಂಡು, ಮೆರವಣಿಗೆಯ ಬ್ಯಾಂಡು, ಎಲ್ಲರ ಹಿತ್ತಾಳೆಯೂ ಅವನ ಮನೆಯ ಮುಂಗೋಣೆಗೆ ಬರುತ್ತಿತ್ತು. ನಗ್ಗಿದ ಕೊಳವೆಯೊಳಗೆ ಉಕ್ಕಿನ ಗುಂಡು ಇಳಿಸಿ, ಸರಳಿನಿಂದ ಒತ್ತಿ ಒತ್ತಿ, ಮೇಲಿನಿಂದ ಮರದ ಸುತ್ತಿಗೆಯಲ್ಲಿ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. ನಗ್ಗು ತೆಗೆಯುವವನೆಂದು ಜನ ನಗ್ಗು ಮೇಸ್ತ್ರಿ ಅಂದರು. ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿತು.

ಅವನ ಹೆಂಡತಿ ಕುಲುಮೆಯವನ ಮಗಳು. ಅವಳು ಲಂಗ ತೊಡುವ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಗೇಟು ಹಾಡು ನಡುವೆ ಕಡಿದಿತ್ತು. ಅಮ್ಮನ ಕೈ ಹಿಡಿದು ಓಡಿದ್ದಳು. ಗೇಟಿನಿಂದ ಹೊರಗೆ ಬಂದದ್ದು ಅವಳ ಅಪ್ಪನ ಹೆಣ. ಆ ವಿಷಯವನ್ನು ಅವಳು ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ದಳು, ಆಮೇಲೆ ಎತ್ತಿರಲಿಲ್ಲ.

ಇವರಿಬ್ಬರಿಗೆ ಒಬ್ಬಳೇ ಮಗಳು. ಅವಳಿಗೆ ಅಪ್ಪನ ಮುತ್ತಜ್ಜನ ಉಸಿರು ಬಂದಿತ್ತು. ತೊಟ್ಟಿಲಲ್ಲಿದ್ದಾಗ ಅವಳು ಅಳಲು ಶುರುಮಾಡಿದರೆ ಉಸಿರು ತೆಗೆದುಕೊಳ್ಳುವುದನ್ನೇ ಮರೆತುಬಿಟ್ಟಳೇನೋ ಎಂದು ಅಕ್ಕಪಕ್ಕದವರು ಗಾಬರಿಯಾಗುತ್ತಿದ್ದರು. ಸೋದರಮಾವ, ಅಂದರೆ ಮೇಸ್ತ್ರಿಯ ಹೆಂಡತಿಯ ಅಣ್ಣ, ಆಗಿನ್ನೂ ಕಾರ್ಖಾನೆಯಲ್ಲಿದ್ದ. ಅವನು ತೊಟ್ಟಿಲಿಗೆ ಇಣುಕಿ, "ಇದನ್ನ ಗೇಟಿಗೆ ಕಳಿಸು ಭಾವ. ಸೈರನ್ ರಿಪೇರಿಗೆ ಬಂದಿದೆ" ಅನ್ನುತ್ತಿದ್ದ.

ನಡೆಯಲು ಬಂದ ಮೇಲೆ ಅವಳು ಗೋಡೆಯ ಮೇಲಿನ ತುತ್ತೂರಿಗೆ ಕೈ ಚಾಚಿ ಹಟ ಹಿಡಿದಳು. ಇಳಿಸಿಕೊಟ್ಟರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಕಿವಿಗೆ ಬಿಡುವಿರಲಿಲ್ಲ. ಗೇಟು ಹಾಡು ಬರೆದಿಟ್ಟದ್ದಲ್ಲ. ಸೋದರಮಾವ ಒಂದು ಸಾಲು ಗುನುಗಿದರೆ ಮೇಸ್ತ್ರಿ ಇನ್ನೊಂದು ಸಾಲು ಗುನುಗುತ್ತಿದ್ದ. ಇಬ್ಬರಿಗೂ ಹೊಂದದ ಕಡೆ ಕಿತ್ತಾಡುತ್ತಿದ್ದರು. ಹುಡುಗಿ ಇಬ್ಬರ ನಡುವೆ ಕೂತು ಎರಡನ್ನೂ ಊದಿ ತೋರಿಸಿ, "ಮಾವಂದು ಸರಿ, ಅಪ್ಪಂದು ಚೆನ್ನಾಗಿದೆ" ಅನ್ನುತ್ತಿದ್ದಳು. ಹಾಗೆ ಆ ಹಾಡು ಮತ್ತೆ ಇಡಿಯಾಗಿ ಎದ್ದು ಕೂತಿತು.

ಮೇಸ್ತ್ರಿಗೆ ಹೆಮ್ಮೆ ಎದೆ ತುಂಬಿ ತುಳುಕುತ್ತಿತ್ತು. ಅದೇ ಎದೆಯಿಂದಲೇ ಇನ್ನೊಂದನ್ನೂ ಮಗಳಿಗೆ ದಾಟಿಸಿದ್ದೇನೆಂದು ಆಗ ಅವನಿಗೆ ಹೊಳೆಯಲಿಲ್ಲ.

ಮಗಳು ಬೆಳೆದು ದೊಡ್ಡವಳಾಗುವಷ್ಟರಲ್ಲಿ ಕಂಪನಿಯವರಿಗೆ ಒಂದು ಹೊಸ ಯೋಚನೆ ಬಂದಿತ್ತು. ಗಾಜು ಮಾರಿದರೆ ಸಾಲದು, ಸುತ್ತಲಿನ ಮಕ್ಕಳಿಗೆ ಸಂಗೀತ, ನಾಟಕ, ಚಿತ್ರ ಕಲಿಸಬೇಕು, ಕಲೆಗೆ ಆಸರೆಯಾಗಬೇಕು. ಹಳೆಯ ಪ್ಯಾಕಿಂಗ್ ಶೆಡ್ಡಿಗೆ ಸುಣ್ಣ ಹೊಡೆದು, ಮರದ ನೆಲ ಹಾಸಿ, ಹಾಲ್ ಮಾಡಿದರು. ಹೊಳೆಯುವ ತುತ್ತೂರಿ, ಕ್ಲಾರಿನೆಟ್ಟು, ಡೋಲುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದವು. ಪ್ರತಿಯೊಂದರ ಮೇಲೂ ಕಂಪನಿಯ ಮುದ್ರೆ. ಸೋದರಮಾವ ಒಂದನ್ನು ತಿರುಗಿಸಿ ನೋಡಿ, "ನಮ್ಮ ಬಾಟಲಿ ತಳದಲ್ಲೂ ಹೀಗೇ ಇರ್ತಿತ್ತು. ಇದನ್ನೂ ತೊಳೆದು ವಾಪಸ್ ಕೊಡ್ಬೇಕೇನೋ" ಅಂದ. ಮೂಗು ಮುರಿದವರು ಇನ್ನೂ ಕೆಲವರಿದ್ದರು. ಆದರೆ ಯಾವ ಮನೆಯಲ್ಲೂ ಮಕ್ಕಳ ಕೈಗೆ ಒಂದು ಪೀಪಿಯನ್ನೂ ಕೊಡಿಸಲಾಗದಿದ್ದ ಬೀದಿಯಲ್ಲಿ ಈಗ ಸಂಜೆಯಾದರೆ ಹುಡುಗಿಯರು ತುತ್ತೂರಿ ಪೆಟ್ಟಿಗೆ ಹಿಡಿದು ಓಡುತ್ತಿದ್ದರು. ಅದನ್ನು ಸುಳ್ಳು ಅನ್ನುವಂತಿರಲಿಲ್ಲ.

ಈ ಕೆಲಸ ನೋಡಿಕೊಳ್ಳುತ್ತಿದ್ದ ಕಂಪನಿಯ ಅಧಿಕಾರಿ ಮೆತ್ತಗಿನ ಮನುಷ್ಯ. ಮಾತಿಗೆ ಮುಂಚೆ ಕೈ ಉಜ್ಜಿಕೊಳ್ಳುವ ಅಭ್ಯಾಸ. ಅವನೇ ಹುಡುಕಿಕೊಂಡು ಬಂದು ಮೇಸ್ತ್ರಿಯ ಮಗಳನ್ನು ಕಲಿಸಲು ಕರೆದ. ಮಕ್ಕಳಿಗೆ ಅವಳು ಅಕ್ಕನಾದಳು. ಮೊದಲು ಕಲಿಸಿದ್ದು ಬಾಯಿ ಇಡುವುದು ಹೇಗೆ, ಕೊನೆಗೆ ಕಲಿಸಬೇಕೆಂದಿದ್ದದ್ದು ಗೇಟು ಹಾಡು.

ಅಷ್ಟರಲ್ಲಿ ಅವಳ ಎದೆ ಗೊರಗೊರ ಅನ್ನತೊಡಗಿತು. ಮೊದಲು ನೆಗಡಿ ಅಂದರು. ಆಮೇಲೆ ಆಸ್ಪತ್ರೆ, ಆಮೇಲೆ ದೊಡ್ಡ ಆಸ್ಪತ್ರೆ. ಕಂಪನಿಯವರು ಕಾರು ಕಳಿಸಿದರು, ಡಾಕ್ಟರಿಗೆ ಹೇಳಿಸಿದರು, ಏನೂ ಕಡಿಮೆ ಮಾಡಲಿಲ್ಲ. ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತಿದೆ, ತಿರುಗಿ ಮೆತ್ತಗಾಗುವುದಿಲ್ಲ ಅಂದರು. ಮೇಸ್ತ್ರಿ ಡಾಕ್ಟರ ಎದುರು ಕೈ ಕಟ್ಟಿ ನಿಂತು, "ನನ್ನ ಎದೇನೂ ಹೀಗೇ ಸಾರ್, ನಾನು ಬದುಕಿಲ್ವಾ?" ಅಂದ. ಡಾಕ್ಟರು ಅವನ ಭುಜ ಹಿಡಿದುಕೊಂಡರು.

ಹಾಸಿಗೆ ಹಿಡಿದ ಮೇಲೂ ಮಗಳಿಗೆ ಮಕ್ಕಳದೇ ಕೊರಗು. "ಅರ್ಧ ಕಲಿಸಿ ಬಿಟ್ರೆ ಹೇಗಪ್ಪ?" ಅಧಿಕಾರಿಯೇ ಒಂದು ದಾರಿ ಹೇಳಿದ. ಧ್ವನಿ ಹಿಡಿಯುವ ಯಂತ್ರವನ್ನು ಮನೆಗೇ ಕಳಿಸುತ್ತೇನೆ, ಅವಳು ಊದಲಿ, ಮಕ್ಕಳು ಕೇಳಿ ಕಲಿಯಲಿ. ಒಬ್ಬ ಹುಡುಗ ಯಂತ್ರ ತಂದು ಹಾಸಿಗೆಯ ಪಕ್ಕ ಜೋಡಿಸಿದ. ಬೀದಿಯ ಸದ್ದು ಬರದ ಹಾಗೆ ಕಿಟಕಿಗೆ ಕಂಬಳಿ ಹೊಡೆದರು. ಮಗಳು ದಿಂಬಿಗೆ ಒರಗಿ, ತನ್ನ ಅಜ್ಜನ ತುತ್ತೂರಿ ಎತ್ತಿ, ದಿನಕ್ಕೆ ಒಂದೊಂದೇ ಪಾಠ ಊದಿದಳು. ಕಟ್ಟಕಡೆಗೆ ಗೇಟು ಹಾಡು.

ಮೇಸ್ತ್ರಿ ಅವಳ ಕಾಲಿನ ಹತ್ತಿರ ಸ್ಟೂಲು ಹಾಕಿ ಕೂತಿದ್ದ. ಹಾಡು ಮೆಲ್ಲಗೆ ಏರುತ್ತಾ ಹೋಗಿ, ಒಂದು ಕಡೆ ತುತ್ತತುದಿ ಮುಟ್ಟಿ, ಅಲ್ಲಿಂದ ಉದ್ದಕ್ಕೆ ಇಳಿದು ಬರುತ್ತದೆ. ಆ ಏರಿಳಿತವನ್ನು ಅವಳು ಗಟ್ಟಿಯಾಗಿದ್ದಾಗ ಒಂದೇ ಉಸಿರಿಗೆ ಊದುತ್ತಿದ್ದಳು. ಈ ದಿನ ತುದಿ ಮುಟ್ಟುವ ಹೊತ್ತಿಗೆ ಅವಳ ಕಣ್ಣು ಅಗಲವಾಯಿತು. ತುತ್ತೂರಿ ಬಾಯಿಂದ ಸರಿಯಿತು. ಬಾವಿಯಿಂದ ಕೊಡ ಎಳೆದ ಹಾಗೆ ಉದ್ದಕ್ಕೆ, ಸದ್ದಾಗುವ ಹಾಗೆ, ಒಂದು ಉಸಿರು ತೆಗೆದುಕೊಂಡಳು. ಮತ್ತೆ ಬಾಯಿಟ್ಟು, ಬಿಟ್ಟಲ್ಲಿಂದಲೇ ಹಿಡಿದು ಇಳಿಸಿ ಮುಗಿಸಿದಳು.

ಯಂತ್ರದ ಹುಡುಗ ಮುಖ ನೋಡಿದ. ಅವಳು ನಕ್ಕು, "ಕೆಡಿಸಿಬಿಟ್ಟೆ. ನಾಳೆ ಇನ್ನೊಂದ್ಸಲ ಊದ್ತೀನಿ. ಅಪ್ಪ, ಕಂಬಳಿ ತೆಗಿ, ಬೆಳಕು ಬರ್ಲಿ" ಅಂದಳು.

ಮಾರನೆಯ ದಿನ ಅವಳಿಂದ ತುತ್ತೂರಿ ಎತ್ತಲು ಆಗಲಿಲ್ಲ. ಆಮೇಲೆ ಎತ್ತುವ ಮಾತೇ ಬರಲಿಲ್ಲ. ಆ ವಾರ ಕಳೆಯುವುದರೊಳಗೆ ಮನೆಯಲ್ಲಿ ಮುಗಿಯಬೇಕಾದ್ದು ಮುಗಿದುಹೋಯಿತು.

ಮೇಸ್ತ್ರಿ ಹಾಲ್ ಕಡೆ ತಲೆ ಹಾಕುವುದನ್ನೇ ಬಿಟ್ಟ. ಮಕ್ಕಳ ವಾದ್ಯ ಕೆಟ್ಟರೆ ಕಂಪನಿಯ ಜವಾನ ತಂದುಕೊಡುತ್ತಿದ್ದ, ಇವನು ಸರಿಮಾಡಿ ಕಳಿಸುತ್ತಿದ್ದ. ಬೇರೆ ಗುರುಗಳು ಬೇಗ ಸಿಗಲಿಲ್ಲ. ಒಂದು ಇಡೀ ವರ್ಷ ಮಕ್ಕಳು ಹಾಲ್‌ನಲ್ಲಿ ತಾವೇ ಸ್ಪೀಕರ್ ಹಾಕಿಕೊಂಡು, ಅಕ್ಕ ಊದಿದ್ದನ್ನು ಕೇಳಿ ಕೇಳಿ ಅದರ ಜೊತೆಗೆ ಊದಿದರು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ವರ್ಷ ಕಳೆದ ಮೇಲೆ ದೊಡ್ಡ ಸಂಗೀತ ಶಾಲೆಯಲ್ಲಿ ಕಲಿತ ಹೆಣ್ಣುಮಗಳೊಬ್ಬಳು ಗುರುವಾಗಿ ಬಂದಳು. ಮಕ್ಕಳು ಅವಳನ್ನು ಮೇಡಂ ಅನ್ನುತ್ತಿದ್ದರು. ಬಂದ ಕೆಲವು ದಿನಕ್ಕೇ ಅವಳು ಮೇಸ್ತ್ರಿಯ ಮನೆಗೆ ಬಂದು ಮುಂಗೋಣೆಯ ಬಾಗಿಲಲ್ಲಿ ನಿಂತಳು.

"ಮೇಸ್ತ್ರಿಯವರೇ, ಒಂದ್ಸಲ ಹಾಲ್‌ಗೆ ಬರ್ತೀರಾ? ಮಕ್ಕಳು ಗೇಟು ಹಾಡು ಊದ್ತಾರೆ. ನೀವು ಕೇಳ್ಬೇಕು."

"ವಾದ್ಯ ಏನಾದ್ರೂ ಕೆಟ್ಟಿದ್ರೆ ಇಲ್ಲಿಗೇ ಕಳಿಸಿ ಮೇಡಂ."

"ವಾದ್ಯ ಕೆಟ್ಟಿಲ್ಲ. ಏನು ಅಂತ ನಾನು ಹೇಳೋದಕ್ಕಿಂತ ನೀವೇ ಕೇಳಿದ್ರೆ ಒಳ್ಳೇದು."

ಅವಳ ದನಿಯಲ್ಲಿ ಏನೋ ಇತ್ತು. ಮೇಸ್ತ್ರಿ ಅಂಗಿ ಬದಲಿಸಿ ಹೊರಟ.

ಹಾಲ್‌ನ ಕೊನೆಯ ಬೆಂಚಿನಲ್ಲಿ ಕೂತ. ಮಕ್ಕಳು ಸಾಲಾಗಿ ನಿಂತು ಊದಿದರು. ಹಾಡು ಏರಿತು. ಸೊಗಸಾಗಿ ಏರಿತು, ಅಲ್ಲಲ್ಲಿ ಅವನ ಮಗಳ ತಿರುವು, ಅವಳ ಎಳೆತ. ಮೇಸ್ತ್ರಿಯ ಮೈ ಜುಮ್ಮೆಂದಿತು. ಹಾಡು ತುದಿ ಮುಟ್ಟಿತು. ಆಗ ಎಲ್ಲರೂ ಒಟ್ಟಿಗೆ ವಾದ್ಯವನ್ನು ಬಾಯಿಂದ ಸರಿಸಿ, ಉದ್ದಕ್ಕೆ, ಸದ್ದಾಗುವ ಹಾಗೆ ಉಸಿರು ತೆಗೆದುಕೊಂಡರು.

ಬಾವಿಯಿಂದ ಕೊಡ ಎಳೆದ ಸದ್ದು. ಹಾಲ್ ತುಂಬ ಅದೇ ಸದ್ದು.

ಮತ್ತೆ ಬಾಯಿಟ್ಟು ಇಳಿಸಿ ಮುಗಿಸಿದರು. ಮೇಸ್ತ್ರಿ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದ. ಮಕ್ಕಳು ಶಹಭಾಸ್ ಅನ್ನಿಸಿಕೊಳ್ಳಲು ಅವನ ಮುಖವನ್ನೇ ನೋಡುತ್ತಿದ್ದರು. ಅವನು ತಲೆ ಆಡಿಸಿದ.

ಮೇಡಂ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಅಂದಳು: "ಅದು ಹಾಡಿನದಲ್ಲ ಅಂತ ನನಗೆ ಮೊದಲ ದಿನವೇ ಅನ್ನಿಸ್ತು. ತಿದ್ದಬೇಕು ಅಂತ ಬಾಯಿ ತೆಗೆದೆ. ಆಮೇಲೆ ಯಾರದು ಅಂತ ಗೊತ್ತಾಯ್ತು. ನಿಮ್ಮನ್ನ ಕೇಳದೆ ಮುಟ್ಟಬಾರದು ಅನ್ನಿಸ್ತು."

"ಸ್ವಲ್ಪ ದಿನ ಹಾಗೇ ಇರ್ಲಿ ಮೇಡಂ. ನೋಡೋಣ" ಅಂದ ಮೇಸ್ತ್ರಿ.

ಮನೆಗೆ ಬಂದು ಹೆಂಡತಿಗೆ ಹೇಳಬಾರದೆಂದುಕೊಂಡ. ಅವಳೋ ತರಕಾರಿ ಚೀಲ ಮಡಿಸುತ್ತಾ, ಅವನ ಮುಖ ನೋಡದೆಯೇ, "ಕೇಳಿದ್ರಾ?" ಅಂದಳು.

"ಏನನ್ನ?"

"ಅವಳನ್ನ."

ಮೇಸ್ತ್ರಿ ಕೂತುಬಿಟ್ಟ. ಇಷ್ಟು ದಿನ ಸಂಜೆ ಸಂಜೆ ಅವಳು ಚೀಲ ಹಿಡಿದು ಹೊರಡುತ್ತಿದ್ದಳು, ಒಂದು ಹಿಡಿ ಸೊಪ್ಪಿಗೆ ಅಷ್ಟು ಹೊತ್ತು ಏಕೆಂದು ಅವನು ಕೇಳಿರಲಿಲ್ಲ. ಹಾಲ್‌ನ ಹಿಂದಿನ ಗೋಡೆಗೆ ಒರಗಿ ನಿಂತು, ಆ ಹಾಡು ಬರುವ ತನಕ ಕಾದು, ಆ ಉಸಿರು ಕೇಳಿ ಬರುತ್ತಿದ್ದಳು.

"ಹೆಣ್ಣುಮಗು ಊದಿದ್ದು ಎಲ್ಲರಿಗೂ ಗೊತ್ತಿದೆ ಕಣ್ರೀ. ಉಸಿರಾಡಿದ್ದು ಯಾರಿಗೆ ನೆನಪಿದೆ? ಅದೊಂದು ಇದೆ. ಅದೊಂದಾದ್ರೂ ಇರ್ಲಿ. ಆ ಮೇಡಂಗೆ ಹೇಳಿ, ಕೈ ಹಾಕಬೇಡಿ ಅಂತ."

"ಆಯ್ತು, ಹೇಳಿದೀನಿ."

"ಏನಂತ ಹೇಳಿದೀರಿ?"

"ನೋಡೋಣ ಅಂತ."

"ನೋಡೋಣ ಅಂದ್ರೆ ಆಯ್ತು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಮದುವೆ ಆದಾಗಿಂದ ಕೇಳ್ತಾ ಇದ್ದೀನಿ ಈ ನೋಡೋಣನ" ಅಂದಳು. ಆದರೆ ಅವಳ ಮುಖದಲ್ಲಿ ಮಗಳು ಹೋದ ಮೇಲೆ ಕಾಣದಿದ್ದ ಒಂದು ಕಳೆ ಇತ್ತು. ಮೇಸ್ತ್ರಿ ಅದನ್ನು ಕಂಡು ಇನ್ನಷ್ಟು ಗಟ್ಟಿಯಾದ. ಮಾರನೆಯ ಸಂಜೆಯಿಂದ ಅವನೂ ಹೋಗಿ ಅವಳ ಪಕ್ಕ ಗೋಡೆಗೆ ಒರಗಿ ನಿಂತ. ಹಾಡು ತುದಿಗೆ ಬರುವಾಗ ಅವಳು ಅವನ ಮುಂಗೈ ಹಿಡಿಯುತ್ತಿದ್ದಳು, ಉಸಿರು ಆದ ಮೇಲೆ ಬಿಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಮನೆಗೆ ಬರುತ್ತಿದ್ದರು.

ಹೀಗೇ ನಡೆದಿದ್ದರೆ ನಡೆದುಹೋಗುತ್ತಿತ್ತೇನೋ. ಕಂಪನಿಯ ವಾರ್ಷಿಕೋತ್ಸವ ಹತ್ತಿರ ಬಂತು. ಆ ದಿನ ಸೈರನ್ ನಿಲ್ಲಿಸಿ, ಮಕ್ಕಳಿಂದ ಗೇಟಿನ ಕಟ್ಟೆಯ ಮೇಲೆ ಹಳೆಯ ಹಾಡು ಊದಿಸಬೇಕೆಂದು ಅಧಿಕಾರಿ ಆಸೆಪಟ್ಟ. ಅದರ ಅಭ್ಯಾಸಕ್ಕೆಂದು ಒಂದು ಮಧ್ಯಾಹ್ನವೂ ಸೈರನ್ ನಿಲ್ಲಿಸಿ ಮಕ್ಕಳನ್ನು ಗೇಟಿಗೆ ಕರೆತಂದರು. ಮೇಸ್ತ್ರಿ, ಹೆಂಡತಿ, ಸೋದರಮಾವ, ಹಳೆಯ ಕೆಲಸಗಾರರು ಒಂದಿಷ್ಟು ಜನ ಎದುರಿನ ಚಹಾದಂಗಡಿಯ ಬೆಂಚುಗಳಲ್ಲಿ ಕೂತರು. ಅಂಗಡಿಯ ಮುದುಕಿಯ ಮಗ ಆ ಪಾಳಿಗೆ ಒಳಗೆ ಕುಲುಮೆಯ ಹತ್ತಿರ ಇದ್ದ.

"ನಿಮ್ಮಪ್ಪ ಸೈರನ್ನಿಗೆ ಮುಖ ಕೊಟ್ಟು ನಿಂತಿದ್ದು ಇದೇ ಕಟ್ಟೆ ಅಲ್ವಾ ಭಾವ" ಅಂದ ಸೋದರಮಾವ. "ಇವತ್ತಾದ್ರೂ ಸೈರನ್ ಬಾಯಿ ಮುಚ್ತು ನೋಡು."

ಹಾಡು ಎದ್ದಿತು. ಮುದುಕರ ಕಾಲು ತಾವಾಗಿಯೇ ತಾಳ ಹಾಕಿದವು. ಒಬ್ಬ ಕಣ್ಣು ಮುಚ್ಚಿದ. ಹಾಡು ಏರಿ ಏರಿ ತುದಿ ಮುಟ್ಟಿತು, ಕಡಿಯಿತು.

ಬೆಂಚಿನಲ್ಲಿದ್ದ ಮುದುಕರೆಲ್ಲ ಒಟ್ಟಿಗೆ ಎದ್ದು ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರ ಕಣ್ಣೂ ಗೇಟಿನ ಮೇಲೆ. ಅಂಗಡಿಯ ಮುದುಕಿಯ ಕೈಯಿಂದ ಚಹಾದ ಪಾತ್ರೆ ಜಾರಿತು. ಅವಳು ಮಗನ ಹೆಸರು ಕೂಗುತ್ತಾ, ಬರಿಗಾಲಲ್ಲಿ, ಚೆಲ್ಲಿದ ಬಿಸಿ ಚಹಾ ತುಳಿದುಕೊಂಡೇ ಗೇಟಿಗೆ ಓಡಿದಳು. ಅಷ್ಟರಲ್ಲಿ ಮಕ್ಕಳು ಉಸಿರು ಮುಗಿಸಿ ಹಾಡನ್ನು ಮತ್ತೆ ಹಿಡಿದಿದ್ದರು. ಆದರೆ ಅವಳಿಗೆ ಅದು ಕೇಳಿಸಲಿಲ್ಲ. ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದಳು. ಕಾವಲುಗಾರ ಏನೂ ಆಗಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಮಗನನ್ನೇ ಒಳಗಿಂದ ಕರೆಸಬೇಕಾಯಿತು. ಅವನು ಬೆವರು ಒರೆಸಿಕೊಳ್ಳುತ್ತಾ ಬಂದು, "ಏನಮ್ಮಾ ನಿಂದು, ಎಲ್ಲರ ಮುಂದೆ" ಅಂದ. ಅವಳು ಅವನ ಕೆನ್ನೆಗೆ ಒಂದು ಬಾರಿಸಿ, ಅಲ್ಲೇ ಕುಸಿದು ಕೂತಳು.

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. ಅವಳು ಮುದುಕಿಯನ್ನು ನೋಡುತ್ತಾ ಕಲ್ಲಿನ ಹಾಗೆ ನಿಂತಿದ್ದಳು.

ಮನೆಗೆ ಬಂದರು. ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ಕೂತ ಮೇಲೆ ಹೆಂಡತಿ ಬಾಯಿ ತೆಗೆದಳು.

"ನಮ್ಮಮ್ಮ ಹಾಗೇ ಓಡಿದ್ದು. ಸರಳು ಹಾಗೇ ಹಿಡ್ಕೊಂಡಿದ್ದು."

ಮೇಸ್ತ್ರಿ ಅವಳ ಎದುರಿಗೆ ನೆಲದ ಮೇಲೆ ಕೂತ.

"ತೆಗೆದುಬಿಡ್ರೀ ಅದನ್ನ."

"ನೀನೇ ಅಲ್ವೇನೇ..."

"ನಾನೇ ಇರ್ಲಿ ಅಂದಿದ್ದು. ಈಗ ನಾನೇ ತೆಗೀರಿ ಅಂತಿದೀನಿ. ನನ್ನ ಮಗಳ ಉಸಿರು ಇನ್ನೊಬ್ಬ ತಾಯಿ ಉಸಿರು ನಿಲ್ಲಿಸಬಾರದು." ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದನ್ನು ಇಳಿಸಿ, "ಆ ಮೇಡಂ ತೆಗೆಯೋದು ಬೇಡ. ನೀವೇ ತೆಗೀರಿ. ನೋವಾಗದ ಹಾಗೆ ತೆಗೆಯೋದು ನಿಮಗೆ ಗೊತ್ತು" ಅಂದಳು.

ಮೇಸ್ತ್ರಿ ಹಾಲ್‌ಗೆ ಹೋದ. ಮಕ್ಕಳು ಗೇಟಿನಲ್ಲಿ ನಡೆದದ್ದಕ್ಕೆ ಹೆದರಿ ಮುದುರಿಕೊಂಡಿದ್ದರು. ಬಯ್ಯಲು ಬಂದಿದ್ದಾನೆಂದುಕೊಂಡರು. ಅವನು ನೆಲದ ಮೇಲೆ ಅವರ ನಡುವೆ ಕೂತು, ಅಜ್ಜನ ಕಥೆ, ಛತ್ರಿಯ ಜಗಳದ ಕಥೆ ಹೇಳಿದ. ಮಕ್ಕಳು ನಕ್ಕರು. ಆಮೇಲೆ ಜೋಡಿ ಕಟ್ಟಿದ. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರ ಅಂಗೈ ಇಡಿಸಿ, ಬೆನ್ನು ಉಬ್ಬಿದಾಗ ನೀನು ಊದು, ಇಳಿದಾಗ ನೀನು ಕದಿ ಎಂದು ಕಲಿಸಿದ. ಸುಲಭಕ್ಕೆ ಬರಲಿಲ್ಲ. ವರ್ಷದ ಅಭ್ಯಾಸ, ತುದಿಗೆ ಬಂದ ಕೂಡಲೇ ಎಲ್ಲರ ಹೆಗಲೂ ಒಟ್ಟಿಗೆ ಏಳುತ್ತಿದ್ದವು. ಅವು ಎದ್ದ ಒಂದೊಂದು ಸಲವೂ ಮೇಸ್ತ್ರಿ, "ಉಹುಂ, ಅಲ್ಲಲ್ಲ, ಅಲ್ಲಿ ಬೇಡ" ಅನ್ನಬೇಕಾಗಿತ್ತು. ಅನ್ನುತ್ತಾ ಹೋದ.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬಳಿದ್ದಳು, ಎಲ್ಲರಿಗಿಂತ ಗಟ್ಟಿಯಾಗಿ ಊದುವವಳು. ಅವಳು ತುತ್ತೂರಿ ಮಡಿಲಲ್ಲಿಟ್ಟುಕೊಂಡು ಕೇಳಿದಳು: "ತಾತ, ಅಕ್ಕ ಅಲ್ಲೇ ಉಸಿರು ತಗೊತಾಳಲ್ಲ. ಅಕ್ಕಂದು ತಪ್ಪಾ?"

"ತಪ್ಪಲ್ಲಮ್ಮ."

"ಮತ್ತೆ ಅಕ್ಕನ ಜೋಡಿ ಎಲ್ಲಿ ಉಸಿರು ತಗೊತಿದ್ರು?"

ಮೇಸ್ತ್ರಿ ಅವಳ ತುತ್ತೂರಿಯನ್ನು ಎತ್ತಿ, ಕೀಲು ಒತ್ತಿ ನೋಡಿ, ಅಂಗಿಯ ಅಂಚಿನಿಂದ ಕಂಪನಿಯ ಮುದ್ರೆಯ ಮೇಲಿನ ಬೆವರು ಒರೆಸಿ, ವಾಪಸ್ ಕೊಟ್ಟ.

"ಅಕ್ಕನಿಗೆ ಜೋಡಿ ಇರ್ಲಿಲ್ಲಮ್ಮ. ಒಬ್ಬಳೇ ಊದಿದ್ಲು."

ಹುಡುಗಿ ಏನೋ ಯೋಚಿಸಿ, ಪಕ್ಕದವಳ ಬೆನ್ನ ಮೇಲೆ ಮತ್ತೆ ಅಂಗೈ ಇಟ್ಟಳು.

ವಾರ್ಷಿಕೋತ್ಸವದ ದಿನ ಹಾಡು ಕಡಿಯಲಿಲ್ಲ. ತುದಿ ಮುಟ್ಟಿ, ಅಲ್ಲೇ ಹೊಳೆಯುತ್ತಾ ನಿಂತು, ಗಾಜು ಇಳಿದ ಹಾಗೆ ಇಳಿದು ಬಂತು. ಕೊನೆಯ ಕೆಲಸಗಾರ ಗೇಟು ದಾಟಿದ ಮೇಲೇ ನಿಂತಿತು. ಅಂಗಡಿಯ ಮುದುಕಿ ಎಲ್ಲರಿಗೂ ಚಹಾ ಕೊಟ್ಟಳು. ಮುದುಕರು ಕಣ್ಣು ಒರೆಸಿಕೊಂಡರು, ಸೋದರಮಾವ ಅವರಿಗೆ ತಮಾಷೆ ಮಾಡುತ್ತಾ ತಾನೂ ಒರೆಸಿಕೊಂಡ. ಹಾಡು ತುದಿಗೆ ಬಂದಾಗ ಮೇಸ್ತ್ರಿಯ ಹೆಂಡತಿ ರೂಢಿಯಂತೆ ಗಂಡನ ಮುಂಗೈ ಹಿಡಿದಿದ್ದಳು. ಆ ಜಾಗ ಬಂತು, ಹೋಯಿತು. ಯಾವಾಗ ಬಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಡು ಮುಗಿದು ಚಪ್ಪಾಳೆ ಬಿದ್ದು ಜನ ಚದುರಿದ ಮೇಲೂ ಹಿಡಿದೇ ಇದ್ದಳು.

ಕೆಲವು ದಿನ ಕಳೆದು ಅಧಿಕಾರಿ ಮೇಸ್ತ್ರಿಯ ಮುಂಗೋಣೆಗೆ ಬಂದ. ರಿಪೇರಿಯ ತುತ್ತೂರಿಗಳ ನಡುವೆ ಜಾಗ ಮಾಡಿಕೊಂಡು ಕೂತು, ಕೈ ಉಜ್ಜಿಕೊಂಡ. ಒಳಬಾಗಿಲಲ್ಲಿ ಹೆಂಡತಿ ನಿಂತು ಕೇಳುತ್ತಿದ್ದಳು.

"ಮೇಸ್ತ್ರಿಯವರೇ, ಕಂಪನಿಯ ಎಲ್ಲ ಊರಿನ ಶಾಲೆಗಳಿಗೂ ನಿಮ್ಮ ಮಗಳ ಗೇಟು ಹಾಡು ಕಳಿಸಬೇಕು ಅಂತಿದ್ದೀವಿ. ಅವರ ಫೋಟೋ ಹಾಕಿ, ಹೆಸರು ಹಾಕಿ. ಒಂದೇ ಒಂದು ತೊಡಕು. ಆ ಉಸಿರು. ಅಲ್ಲಿನ ಮಕ್ಕಳೂ ಅದನ್ನೇ ಕಲಿತಾರೆ. ಆದ್ರೆ ಈಗ ಕಂಪ್ಯೂಟರಿನಲ್ಲಿ ಏನು ಬೇಕಾದ್ರೂ ಆಗುತ್ತೆ. ಅವರದೇ ಸ್ವರ ತಗೊಂಡು ಆ ಜಾಗ ತುಂಬಿಸಿಬಿಡ್ತಾರೆ. ಗುರುತೇ ಸಿಗಲ್ಲ. ಅವರು ಗಟ್ಟಿಯಾಗಿದ್ದಾಗ ಹೇಗೆ ಊದ್ತಿದ್ರೋ ಹಾಗೇ ಆಗುತ್ತೆ. ನಿಮಗೂ ಒಂದು ಕೊಡ್ತೀವಿ, ಮನೇಲಿ ಇಟ್ಕೊಳ್ಳಿ. ಇಷ್ಟಾದ್ರೂ ನಿಮಗೆ ಮಾಡ್ಬೇಕು ಅಂತ ನನ್ನ ಆಸೆ."

ಮೇಸ್ತ್ರಿ ಕೈಯಲ್ಲಿದ್ದ ಕೊಳವೆಯಿಂದ ಉಕ್ಕಿನ ಗುಂಡನ್ನು ಹೊರಗೆ ಜಾರಿಸಿ ಬಟ್ಟೆಯ ಮೇಲೆ ಇಟ್ಟ. ಅವನ ಎದೆ ಗೊರಗೊರ ಅನ್ನುತ್ತಿತ್ತು. ಅದು ತಹಬಂದಿಗೆ ಬರುವ ತನಕ ಕಾದ.

"ನೀವು ಒಳ್ಳೆಯವರು ಸಾರ್. ಅವಳಿಗೆ ನೀವು ಮಾಡಿದ್ದು ನಾವು ಮರೆಯಲ್ಲ. ಆದ್ರೆ ಇದು ಬೇಡ. ಯಾವ ಊರಿಗೂ ಕಳಿಸಬೇಡಿ. ಮಕ್ಕಳಿಗೆ ಹಾಡು ಬೇಕಾದ್ರೆ ನಮ್ಮ ಮಕ್ಕಳನ್ನ ಕರ್ಕೊಂಡು ಹೋಗಿ, ಅವರು ಊದಿ ಹೇಳ್ಕೊಡ್ತಾರೆ. ಅವರದು ಈಗ ಸರಿ ಇದೆ. ನಾನೇ ಸರಿ ಮಾಡಿದೀನಿ, ನನ್ನ ಕೈಯಾರೆ. ಅದನ್ನ ಮಾಡೋವಾಗ ನನಗೆ ಏನಾಯ್ತು ಅಂತ ಇವಳಿಗೊಬ್ಬಳಿಗೆ ಗೊತ್ತು. ಜೀವನವಿಡೀ ನಗ್ಗು ತೆಗೆದವನು ನಾನು, ಇನ್ನೊಂದು ತೆಗೆಯೋಕೆ ಕೈ ಬರಲ್ಲ. ನಿಮ್ಮ ಹತ್ರ ಇರೋದನ್ನ ಹಾಗೇ ಬಿಡಿ. ಮೂಲೆಗೆ ಹಾಕಿ, ಬೀಗ ಹಾಕಿ, ಯಾರೂ ಕೇಳದಿದ್ರೂ ಪರವಾಗಿಲ್ಲ. ಅಲ್ಲಿ ಅವಳಿಗೆ ಜೋಡಿ ಇಲ್ಲ ಸಾರ್. ಒಬ್ಬಳೇ ಇದ್ದಾಳೆ. ಉಸಿರು ತಗೊತಿದ್ದಾಳೆ. ತಗೊಳ್ಳಲಿ ಬಿಡಿ."